ಮಂಕು ಹೊರಗಿದೆಯೋ, ಒಳಗಿದೆಯೋ?

ಪ್ರಶ್ನೆ: ಮೇಡಂ, ಮನೆಯಲ್ಲಿ ನಾಲ್ಕು ಪೆಟ್ಟಿಗೆ ಮುಜಂಟಿ ಜೇನು ಸಾಕಿದ್ದೇನೆ. ಹುಳಗಳು ಓಡಾಡುವುದು ಶಾಲೆ ಮಕ್ಕಳಿಗೆ ಕಾಣಲಿ ಅಂತ ಬಾಗಿದ ಪೈಪೊಂದನ್ನು ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದೆ. ಕ್ಲಿಯರ್ ಪಿಎಲ್‌ಎ ಪ್ಲಾಸ್ಟಿಕ್ ಹಾಕಿದ್ದರೂ ಒಳಗೆ ಏನೂ ಕಾಣಲಿಲ್ಲ. ಬಿಸಿ ಮಾಡಿದರೆ ತಿಳಿಯಾಗುತ್ತದೆ ಎಂದು ಕೇಳಿ, ಅಡುಗೆಮನೆಯ ಓವನ್‌ನಲ್ಲಿ 100 ಡಿಗ್ರಿಗೆ ಒಂದು ಗಂಟೆ ಇಟ್ಟೆ. ಪೈಪ್ ಸೊಟ್ಟಗಾಯಿತು, ಹಾಲಿನ ಹಾಗೆ ಬೆಳ್ಳಗೂ ಆಯಿತು. ಎಲ್ಲಿ ತಪ್ಪಿದೆ?
— ಜೇನು ಸಾಕುವವರು, ಪುತ್ತೂರು

ಉತ್ತರ: ಮುಜಂಟಿ ಚುಚ್ಚುವುದಿಲ್ಲ, ಮಕ್ಕಳು ಹತ್ತಿರ ಕೂತು ನೋಡಬಹುದು. ಈ ಪೈಪ್ ಆಗಲೇಬೇಕು, ಬಿಡಬೇಡಿ.

ತಪ್ಪಿದ್ದು ಪ್ಲಾಸ್ಟಿಕ್‌ನ ಆಯ್ಕೆಯಲ್ಲಿ. ಕರಗಿದ ತುಪ್ಪದಲ್ಲಿ ಪಾತ್ರೆಯ ತಳ ಕಾಣುತ್ತದೆ, ಹರಳುಗಟ್ಟಿದರೆ ಕಾಣುವುದಿಲ್ಲ ಅಲ್ವಾ? ಪಿಎಲ್‌ಎ ಕೂಡ ಹಾಗೆಯೇ. 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಅದಕ್ಕೇ ಸೊಟ್ಟಗಾಯಿತು. 100ರಲ್ಲಿ ತುಂಬಾ ಹೊತ್ತು ಇಟ್ಟರೆ ಒಳಗೆ ಸಣ್ಣ ಹರಳು ಕಟ್ಟುತ್ತದೆ, ಬೆಳಕು ಅದಕ್ಕೆ ತಾಗಿ ಚದುರುತ್ತದೆ. ವಸ್ತು ಬಿಸಿ ತಡೆಯಲಿ ಅನ್ನುವವರು ಬೇಕೆಂದೇ ಹೀಗೆ ಮಾಡುತ್ತಾರೆ. ನಿಮಗೆ ಬೇಕಾದ್ದು ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್. ಅದರಲ್ಲಿ ಸೇರಿಸಿರುವ ಗ್ಲೈಕಾಲ್ ಹರಳು ಕಟ್ಟಲು ಬಿಡುವುದಿಲ್ಲ.

ಪಿಇಟಿಜಿಯಲ್ಲಿ ಸಣ್ಣ ತುಂಡೊಂದನ್ನು ಪ್ರಿಂಟ್ ಮಾಡಿ, ಎರಡೂ ಮೈಗೆ ತೆಂಗಿನೆಣ್ಣೆ ಸವರಿ ಬೆಳಕಿಗೆ ಹಿಡಿಯಿರಿ. ಆಚೆಯದು ಕಂಡರೆ ಮಂಕು ಹೊರಮೈಯಲ್ಲಿದೆ, ಓವನ್ ಬೇಕಿಲ್ಲ. ಆಗಲೂ ಕಾಣದಿದ್ದರೆ ಒಳಗೆ ಪ್ರಿಂಟರ್ ಹಾಕಿದ ಪ್ಲಾಸ್ಟಿಕ್ ಎಳೆ ಎಳೆಗಳ ನಡುವೆ ಗಾಳಿ ಉಳಿದಿದೆ. ಬೋಂಡಾ ಕಟ್ಟಿದ ಪೇಪರ್ ಎಣ್ಣೆ ಹತ್ತಿದ ಕಡೆ ಆಚೆ ಕಾಣಿಸುತ್ತದಲ್ಲ, ಅದೂ ಸಂದಿಯ ಗಾಳಿ ಹೋದದ್ದರಿಂದಲೇ. ನಮ್ಮ ವರ್ಕ್‌ಶಾಪಿಗೆ ಬರುವ ಎಲ್ಲರಿಗೂ ಈ ಪರೀಕ್ಷೆಯನ್ನೇ ಮೊದಲು ಮಾಡಿಸುತ್ತೇನೆ.

ಒಳಗಿನ ಮಂಕಿಗೆ ಮದ್ದು ಪ್ರಿಂಟ್ ಮಾಡುವಾಗಲೇ ಶುರು. ಇನ್‌ಫಿಲ್ (ಒಳಗೆ ಪ್ಲಾಸ್ಟಿಕ್ ತುಂಬುವ ಪ್ರಮಾಣ) ಶೇಕಡಾ 100, ಎಳೆಗಳೆಲ್ಲ ಒಂದೇ ದಿಕ್ಕಿಗೆ, ಫ್ಯಾನ್ ಆಫ್, ಸೆಕೆಂಡಿಗೆ 20 ಮಿಲಿಮೀಟರ್ ವೇಗ. ನಿಮ್ಮ ಊರಿನ ಮಳೆಗಾಲದಲ್ಲಿ ಫಿಲಮೆಂಟ್, ಅಂದರೆ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರ, ಬೇಗ ತೇವ ಎಳೆಯುತ್ತದೆ. ಪ್ರಿಂಟರಿನ ಮೂತಿಯಲ್ಲಿ (ನಾಝಲ್) ಚಟಪಟ ಸದ್ದು ಬಂದರೆ ಅದು ನೀರು, ಗುಳ್ಳೆಯಾಗಿ ಉಳಿಯುತ್ತದೆ. ಮೊದಲು 65 ಡಿಗ್ರಿಯಲ್ಲಿ 6 ಗಂಟೆ ಒಣಗಿಸಿ.

ಆಮೇಲೂ ಗಾಳಿ ಉಳಿದರೆ ಉಪ್ಪಿನ ದಾರಿ. ಪುಡಿ ಉಪ್ಪನ್ನು ಮಿಕ್ಸಿಯಲ್ಲಿ ಪೌಡರಿನಷ್ಟು ನುಣ್ಣಗೆ ಮಾಡಿ, ಓವನ್‌ನಲ್ಲಿ ಒಣಗಿಸಿ. ಸ್ಟೀಲ್ ಡಬ್ಬಿಯಲ್ಲಿ ತುಂಡನ್ನು ಹುಗಿದು, ತಟ್ಟಿ ತಟ್ಟಿ ಒತ್ತಾಗಿ ತುಂಬಿ. 220 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಪ್ಲಾಸ್ಟಿಕ್ ಕರಗಿ ಎಳೆಗಳು ಒಂದಾಗುತ್ತವೆ. ಉಪ್ಪು ಕರಗಲು 801 ಡಿಗ್ರಿ ಬೇಕು, ಹಾಗಾಗಿ ಅದೇ ಅಚ್ಚಿನ ಹಾಗೆ ಆಕಾರ ಹಿಡಿದಿಡುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ. ಅವಸರದಲ್ಲಿ ಬಿಸಿ ಇದ್ದಾಗಲೇ ತೆಗೆದು ನನ್ನ ಎರಡು ತುಂಡು ಹಾಳಾದವು. ಅಳತೆ ಸ್ವಲ್ಪ ಕುಗ್ಗುತ್ತದೆ, ಮೊದಲ ತುಂಡನ್ನು ಅಳೆದು ಮುಂದಿನದನ್ನು ಆ ಲೆಕ್ಕಕ್ಕೆ ದೊಡ್ಡದು ಮಾಡಿ.

ದಯವಿಟ್ಟು ಅಡುಗೆಯ ಓವನ್ ಬಳಸಬೇಡಿ. ಇದಕ್ಕೇ ಅಂತ ಹಳೆಯ ಓಟಿಜಿ ಒಂದನ್ನು ಬೇರೆ ಇಡಿ, ಕಿಟಕಿ ತೆರೆದಿಡಿ. ಅದರ ಗುಂಡಿಯಲ್ಲಿರುವ ಅಂಕಿ ನಂಬಬೇಡಿ, ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ನಮ್ಮದರಲ್ಲಿ 20 ಡಿಗ್ರಿ ವ್ಯತ್ಯಾಸವಿತ್ತು.

ಉಪ್ಪಿನಿಂದ ಎದ್ದು ಬಂದ ತುಂಡು ಒರಟಾಗಿರುತ್ತದೆ, ನೋಡಿ ಬೇಸರ ಬೇಡ. ತೊಳೆದು, 400 ನಂಬರಿನ ಒರಟಿನಿಂದ 2000 ನಂಬರಿನ ನುಣುಪಿನವರೆಗೆ ವಾಟರ್ ಪೇಪರ್ (ನೀರಲ್ಲಿ ಬಳಸುವ ಉಜ್ಜುಕಾಗದ) ಹಿಡಿದು ನೀರು ಹಾಕಿ ತಿಕ್ಕಿ. ತಿಳಿ ಬರುವುದು ಈ ಕೆಲಸದಲ್ಲೇ, ಸಂಜೆಯೊಂದು ಪೂರ್ತಿ ಬೇಕು. ಗಾಜಿನಷ್ಟು ಆಗುವುದಿಲ್ಲ. ಹುಳ ಹೋಗಿದ್ದು, ಬಂದಿದ್ದು ಕಾಣುತ್ತದೆ.

ಬಾಗಿದ ಪೈಪಿನ ಒಳಗೆ ಕೈ ಹೋಗುವುದಿಲ್ಲ. ಅದಕ್ಕೆ ಪೈಪನ್ನು ಉದ್ದಕ್ಕೆ ಎರಡು ಹೋಳಾಗಿ ಪ್ರಿಂಟ್ ಮಾಡಿ. ಕೆಳಗಿನದು ಯಾವ ಬಣ್ಣವಾದರೂ ಆದೀತು, ಮೇಲಿನದಕ್ಕೆ ಮಾತ್ರ ಇಷ್ಟು ಆರೈಕೆ. ಕ್ಲಿಯರ್ ಲ್ಯಾಕರ್ ಹೊಡೆಯುವುದಿದ್ದರೆ ಹೊರಮೈಗೆ ಮಾತ್ರ, ವಾಸನೆ ಪೂರ್ತಿ ಹೋದ ಮೇಲೆ ಪೆಟ್ಟಿಗೆಗೆ ಜೋಡಿಸಿ. ಹೋಳುಗಳನ್ನು ಅಂಟಿಸಬೇಡಿ, ಕ್ಲಿಪ್ ಹಾಕಿ. ದಾರಿಗೆಲ್ಲ ಅಂಟು ಬಳಿಯುವುದು ಮುಜಂಟಿಯ ಸ್ವಭಾವ. ಮೇಲಿನ ಹೋಳು ಇನ್ನೊಂದು ಮಾಡಿಟ್ಟುಕೊಂಡರೆ, ಒಂದನ್ನು ತೊಳೆಯುವಾಗ ಇನ್ನೊಂದನ್ನು ಹಾಕಬಹುದು.