ಮಂಚದ ಬಾಕ್ಸಿನಲ್ಲಿಟ್ಟ ರೇಷ್ಮೆ ಸೀರೆಗೆ ಮುಗ್ಗು ವಾಸನೆ

ಜಾಗ ಕಡಿಮೆ ಅಂತ ರೇಷ್ಮೆ ಸೀರೆಗಳನ್ನು ವ್ಯಾಕ್ಯೂಮ್ ಬ್ಯಾಗಿಗೆ (ಗಾಳಿ ಹೀರಿ ತೆಗೆದು ಮುಚ್ಚುವ ಪ್ಲಾಸ್ಟಿಕ್ ಚೀಲ) ಹಾಕಿ ಮಂಚದ ಬಾಕ್ಸಿನಲ್ಲಿಟ್ಟಿದ್ದೆ, ಈಗ ಮುಗ್ಗು ವಾಸನೆ ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಬಟ್ಟೆಯಲ್ಲಿ ತೇವ ಉಳಿದಿರುವಾಗಲೇ ಬ್ಯಾಗಿಗೆ ಹಾಕಿದ್ದೇ ಕಾರಣ ಇರಬೇಕು. ಮಂಗಳೂರಿನ ಮಳೆಗಾಲದಲ್ಲಿ ಮನೆಯೊಳಗೆ ಆರಿಸಿದ ಬಟ್ಟೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ಹಸಿ ಇರುತ್ತದೆ. ಬ್ಯಾಗಿನಿಂದ ಗಾಳಿ ಹೋಗುತ್ತದೆ, ತೇವ ಹೋಗುವುದಿಲ್ಲ. ನಮ್ಮ 10 ಅಡಿ ಕೋಣೆಯಲ್ಲೂ ಹೀಗೇ ಆಗಿತ್ತು.

ಮೊದಲು ಸೀರೆಗಳನ್ನು ಇವತ್ತೇ ಹೊರಗೆ ತೆಗೆಯಿರಿ. ಜಾಗ ಎಷ್ಟೇ ಕಡಿಮೆ ಇರಲಿ, ರೇಷ್ಮೆಗೆ ಆ ಬ್ಯಾಗ್ ಬೇಡವೇ ಬೇಡ. ಒತ್ತಡಕ್ಕೆ ಮಡಿಕೆಯಲ್ಲಿ ಜರಿ ಮುರಿಯುತ್ತದೆ. ನೆರಳಿನಲ್ಲಿ, ಫ್ಯಾನ್ ಕೆಳಗೆ ಒಂದು ದಿನ ಹರಡಿ. ಕಪ್ಪು ಬೂಷ್ಟಿನ ಚುಕ್ಕೆ ಇದ್ದರೆ ಉಜ್ಜಬೇಡಿ, ಡ್ರೈ ಕ್ಲೀನಿಂಗಿಗೆ ಕೊಡಿ. ಆಮೇಲೆ ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. 3 ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗಬಾರದು, ಜರಿ ಕಪ್ಪಾಗುತ್ತದೆ.

ಬೀರುವಿನಲ್ಲಿ ಜಾಗ ಎಲ್ಲಿ ಅಂತೀರಾ? ಟೀ ಶರ್ಟ್, ಪ್ಯಾಂಟ್‌ಗಳನ್ನು ಸುರುಳಿ ಸುತ್ತಿ ಶೂ ಡಬ್ಬಗಳಲ್ಲಿ ನಿಲ್ಲಿಸಿ, ಮಂಚದ ಬಾಕ್ಸಿಗೆ ಕಳಿಸಿ. ಇವು ದಿನಾ ಹೊರಗೆ ಬರುತ್ತವೆ, ಬೇಗ ಮುಗ್ಗುವುದಿಲ್ಲ. ಹೊದಿಕೆ, ಸ್ವೆಟರ್ ಮಾತ್ರ ವ್ಯಾಕ್ಯೂಮ್ ಬ್ಯಾಗಿಗೆ. ಅವೂ ಚೆನ್ನಾಗಿ ಬಿಸಿಲು ಕಂಡ ಮೇಲೆಯೇ, ಪೂರ್ತಿ ತಣಿದ ನಂತರ.

ಬಾಕ್ಸನ್ನು ಒಣ ಬಟ್ಟೆಯಲ್ಲಿ ಒರೆಸಿ, ಎರಡು ದಿನ ತೆರೆದಿಡಿ. ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ. ಆಗ ಗೋಡೆಯನ್ನೂ ಮುಟ್ಟಿ ನೋಡಿ. ಒದ್ದೆ ಅನಿಸಿದರೆ ನನ್ನ ಊಹೆ ಅರ್ಧ ಮಾತ್ರ ಸರಿ, ಹೊರಗಿನಿಂದ ನೀರು ಜಿನುಗುತ್ತಿರಬಹುದು. ಅದು ರಿಪೇರಿ ಆಗುವ ತನಕ ಆ ಬಾಕ್ಸಿನಲ್ಲಿ ಯಾವ ಬಟ್ಟೆಯನ್ನೂ ಇಡಬೇಡಿ.