ಬಿಲ್‌ಗೆ ಕೊಟ್ಟ ನಂಬರ್‌ಗೆ ಆಫರ್ ಮೆಸೇಜ್ ಕಳಿಸಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಬಿಲ್ ಮಾಡುವಾಗ ಎಲ್ಲರ ಮೊಬೈಲ್ ನಂಬರ್ ತೆಗೆದುಕೊಂಡು ಕಂಪ್ಯೂಟರ್‌ಗೆ ಹಾಕುತ್ತೇವೆ. ದೀಪಾವಳಿಗೆ ಅವರಿಗೆಲ್ಲ ಆಫರ್ ಮೆಸೇಜ್ ಕಳಿಸಬೇಕು ಅಂತಿದ್ದೇವೆ. ನಮ್ಮ ಭಾವ ಹೊಸದಾಗಿ ಚಿನ್ನದ ಅಂಗಡಿ ತೆರೆದಿದ್ದಾರೆ, ಅವರೂ ಪಟ್ಟಿ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಭಾವನವರಿಗೆ ಖಂಡಿತ ಕೊಡಬೇಡಿ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ದಾಟಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಅನುಚಿತ ವ್ಯಾಪಾರ ಪದ್ಧತಿ. ನೀವು ನೆಂಟರು ಇರಬಹುದು, ಅಂಗಡಿಗಳು ಬೇರೆ ಬೇರೆ ಅಲ್ವಾ? ಬೇಕಿದ್ದರೆ ಅವರ ಅಂಗಡಿಯ ಕಾರ್ಡ್‌ಗಳನ್ನು ನಿಮ್ಮ ಕೌಂಟರ್ ಮೇಲೆ ಇಡಿ.

ಇನ್ನು ನಿಮ್ಮ ಮೆಸೇಜ್ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಿಮ್ಮದನ್ನೇ ಹೋಲುವ ಉದಾಹರಣೆ ಇದೆ. ಔಷಧಿ ಅಂಗಡಿಯಲ್ಲಿ ಒಬ್ಬರು ರಸೀದಿಯನ್ನು ಮೊಬೈಲ್‌ಗೆ ಕಳಿಸಿ ಎಂದು ನಂಬರ್ ಕೊಡುತ್ತಾರೆ. ಅಂಗಡಿಯವರು ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು. ಆಫರ್ ಕಳಿಸಲು ಬೇರೆಯಾಗಿ ಕೇಳಲೇಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಒಪ್ಪಿಗೆಗೆ ಸಂಬಂಧಿಸಿದ ಭಾಗಕ್ಕೆ 18 ತಿಂಗಳ ಕಾಲಾವಕಾಶವಿದೆ. ಅಲ್ಲಿಯವರೆಗೆ ಕಾಯುವುದು ಬೇಡ, ಈಗಲೇ ಅಭ್ಯಾಸ ಮಾಡಿಕೊಳ್ಳಿ.

ಕೌಂಟರ್‌ನಲ್ಲಿ ಕೂರುವ ಹುಡುಗರಿಗೆ ಒಂದೇ ಪ್ರಶ್ನೆ ಕಲಿಸಿ: 'ಆಫರ್ ಇದ್ದಾಗ ಮೆಸೇಜ್ ಮಾಡಲಾ?' ಹೂಂ ಅಂದರೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ದಿನಾಂಕದ ಜೊತೆ ಗುರುತು ಹಾಕಿ. ನಾಳೆ ತಕರಾರು ಬಂದರೆ ಒಪ್ಪಿಗೆ ಇತ್ತು ಎಂದು ತೋರಿಸಬೇಕಾದವರು ನೀವೇ. ಏನಕ್ಕೆ ಬಳಸುತ್ತೀರಿ ಎಂಬ ಸೂಚನೆ ಕನ್ನಡದಲ್ಲಿಯೂ ಸಿಗುವಂತಿರಲಿ, ಅದು ಗ್ರಾಹಕರ ಹಕ್ಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯುವ ದಾರಿಯೂ ಇರಬೇಕು. ಬರೀ ಬಿಲ್‌ಗೆಂದು ಪಡೆದ ಹಳೆಯ ನಂಬರ್‌ಗಳಿಗೆ ಈ ದೀಪಾವಳಿಗೆ ಏನೂ ಕಳಿಸಬೇಡಿ. ಅವರು ಮತ್ತೆ ಬಂದಾಗ ಕೇಳಿ. ನಂಬರ್ ಕೊಡಲು ಇಷ್ಟವಿಲ್ಲ ಎಂದವರಿಗೂ ಸುಮ್ನೆ ಬಿಲ್ ಕೊಟ್ಟು ಕಳಿಸಿ. ನಂಬರ್‌ಗಾಗಿ ಒತ್ತಾಯ ಮಾಡಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿದೆ.

ನಿಮ್ಮ ಸ್ವಂತ ಸಿಮ್‌ನಿಂದ ರಾಶಿ ರಾಶಿ ಎಸ್‌ಎಂಎಸ್ ಕಳಿಸಲೂ ಹೋಗಬೇಡಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ಮೊದಲು ಟೆಲಿಕಾಂ ಕಂಪನಿಯ ಡಿಎಲ್‌ಟಿಯಲ್ಲಿ (ವ್ಯಾಪಾರಿ ಮೆಸೇಜ್ ಕಳಿಸುವವರ ನೋಂದಣಿ ವ್ಯವಸ್ಥೆ) ಅಂಗಡಿಯ ಹೆಸರು, ಹೆಡರ್ (ಮೆಸೇಜ್ ಕಳಿಸಿದವರೆಂದು ಕಾಣುವ ಚುಟುಕು ಹೆಸರು), ಮೆಸೇಜ್ ಮಾದರಿ ನೋಂದಾಯಿಸಬೇಕು. ಇಲ್ಲದಿದ್ದರೆ ಗ್ರಾಹಕರು 1909ಕ್ಕೆ ದೂರು ಕೊಟ್ಟು ನಿಮ್ಮ ನಂಬರೇ ಬಂದ್ ಆಗಬಹುದು.

ಮೆಸೇಜಿನಲ್ಲಿ ಏನು ಬರೆಯುತ್ತೀರಿ ಎಂಬುದೂ ಮುಖ್ಯ. 'ಎಲ್ಲ ಸೀರೆಗೆ 50% ರಿಯಾಯಿತಿ' ಎಂದು ದೊಡ್ಡದಾಗಿ ಹಾಕಿ, ಷರತ್ತನ್ನು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಮೂಲೆಗೆ ತಳ್ಳುವುದು ನಮ್ಮಲ್ಲಿ ಜಾಸ್ತಿ. 2022ರ ಜಾಹೀರಾತು ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಜಾಹೀರಾತು ಕನ್ನಡದಲ್ಲಿದ್ದರೆ ಷರತ್ತೂ ಕನ್ನಡದಲ್ಲೇ, ಕಣ್ಣಿಗೆ ಕಾಣುವಂತೆ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಪ್ರಶ್ನೆ: ಧಾರವಾಡದಲ್ಲಿ ಕೋಚಿಂಗ್ ಸೆಂಟರ್ ನಡೆಸುತ್ತೇನೆ. ಪ್ರವೇಶದ ಅರ್ಜಿಯಲ್ಲೇ 'ಫೋಟೊ ಬಳಸಲು ಒಪ್ಪಿಗೆ' ಎಂಬ ಸಾಲಿಗೆ ಸಹಿ ಪಡೆದಿದ್ದೇನೆ. ಪಾಸಾದವರ ಫೋಟೊ ಬ್ಯಾನರ್‌ಗೆ ಹಾಕಬಹುದಲ್ವಾ?

ಉತ್ತರ: ಆ ಸಹಿ ಸಾಲದು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರ್‌ಗಳಿಗೆ 2024ರ ನವೆಂಬರ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂದಿದೆ. ಅದರಂತೆ ವಿದ್ಯಾರ್ಥಿ ಆಯ್ಕೆಯಾದ ಮೇಲೆ ಲಿಖಿತ ಒಪ್ಪಿಗೆ ಪಡೆಯಬೇಕು. ಇದು ಒಳ್ಳೆಯ ನಿಯಮ. ಸೇರುವ ದಿನ ಸೀಟಿನ ಆತಂಕದಲ್ಲಿರುವ ಹುಡುಗರು ಯಾವ ಕಾಗದಕ್ಕೂ ಸಹಿ ಹಾಕುತ್ತಾರೆ. ಫೋಟೊ ಹಾಕುವಾಗ ಅವರು ನಿಮ್ಮಲ್ಲಿ ಯಾವ ಕೋರ್ಸ್ ಮಾಡಿದ್ದರು, ಎಷ್ಟು ಅವಧಿಯದು, ಫೀ ಕಟ್ಟಿದ್ದರೇ ಎಂಬುದನ್ನೂ ಹೇಳಬೇಕು. ಬರೀ ಅಣಕು ಸಂದರ್ಶನಕ್ಕೆ ಬಂದು ಹೋದವರಾಗಿದ್ದರೆ ಬ್ಯಾನರ್‌ನಲ್ಲಿ ಹಾಗೆಯೇ ಬರೆಯಿರಿ.