ಅಲ್ಲಿ ಗಜನಿ, ಇಲ್ಲಿ ಖಾಜನ್

ಬೆಂಗಳೂರಿನಿಂದ ಗೋವಾ ನೋಡಲು ಬಂದ ನೆಂಟರು ನಮ್ಮ ಮನೆ ಹಿಂದಿನ ಬಯಲು ನೋಡಿದರು. "ಇಷ್ಟು ಜಾಗ ಸುಮ್ನೆ ನೀರು ನಿಂತು ಹಾಳಾಗ್ತಿದೆಯಲ್ಲ, ಸೈಟ್ ಮಾಡಬಾರದಾ?" ಅಂತ ಕೇಳಿದರು. ಅವರದೇನೂ ತಪ್ಪಿಲ್ಲ. ದೂರದಿಂದ ನೋಡಿದರೆ ಕೆಸರು, ಹುಲ್ಲು, ನಾಲ್ಕು ಬೆಳ್ಳಕ್ಕಿ, ಅಷ್ಟೇ. ಆ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕುಮಟಾ ಕಡೆಯವನು. ಈಗ ಜುವಾರಿ ನದಿ ಹತ್ತಿರದ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ. (ಕರಾವಳಿಯವನು ಅಂದರೂ ಇಲ್ಲಿ ಕೆಲವರಿಗೆ ನಾನು ಘಾಟಿಯೇ, ಅಂದರೆ ಘಟ್ಟದ ಮೇಲಿನವನೇ. ಅದು ಬೇರೆ ಕಥೆ.) ಬಂದ ಹೊಸತರಲ್ಲಿ ಈ ಬಯಲು ನೋಡಿ ಊರಿಗೇ ಬಂದ ಹಾಗಾಗಿತ್ತು. ಅಘನಾಶಿನಿ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆಗೆ ನಾವು ಗಜನಿ ಅಂತೀವಲ್ಲ, ಇಲ್ಲಿ ಅದೇ ಖಾಜನ್. ನಮ್ಮ ಕಗ್ಗ ಭತ್ತದ ಹಾಗೆ ಇವರ ಕೊರ್ಗುಟ್ ಭತ್ತವೂ ಉಪ್ಪು ತಡೆಯುತ್ತದೆ.

ಇದರ ಗುಟ್ಟೆಲ್ಲ ಒಡ್ಡು ಮತ್ತು ಬಾಗಿಲಲ್ಲಿದೆ. ನದಿಯುದ್ದಕ್ಕೂ ಮಣ್ಣು ಕಲ್ಲಿನ ಒಡ್ಡು. ನಡುವೆ ಮಾನಸ್ ಅನ್ನುವ ತೂಬು, ಅದಕ್ಕೆ ಮರದ ಬಾಗಿಲು. ಉಬ್ಬರ ಬಂದರೆ ಹೊರಗಿನ ನೀರೇ ಒತ್ತಿ ಬಾಗಿಲು ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಕರೆಂಟಿಲ್ಲ, ಮೋಟಾರಿಲ್ಲ. ಮಳೆಗಾಲದಲ್ಲಿ ಭತ್ತ, ಆಮೇಲೆ ಸಿಗಡಿ, ಮೀನು. ಮಳೆ ಜಾಸ್ತಿಯಾದಾಗ ಊರಿಗೆ ನುಗ್ಗಬೇಕಾದ ನೀರು ಬಂದು ಕೂರುವುದೂ ಇಲ್ಲೇ. ನಮ್ಮ ಪಕ್ಕದ ಒಂದು ಗದ್ದೆಗೆ ಕೆಂಪು ಮಣ್ಣು ಸುರಿದರು. ಮಾರನೇ ವರ್ಷ ಓಣಿಯಲ್ಲಿ ಮೊಣಕಾಲುದ್ದ ನೀರು. ಮಣ್ಣು ಸುರಿಯುವುದು ಯಾವಾಗಲೂ ರಾತ್ರಿ, ಅದೂ ಸಾಲು ರಜೆ ಬಂದಾಗ.

ಒಡ್ಡು ಒಡೆದರೆ ಇನ್ನೊಂದು ಪಾಡು. ಉಪ್ಪುನೀರು ನುಗ್ಗಿ ಭತ್ತ ಹೋಗುತ್ತದೆ. ನೋಡನೋಡುತ್ತಾ ಗದ್ದೆ ತುಂಬಾ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಕಾಂಡ್ಲಾ ಒಳ್ಳೆಯದೇ, ಆದರೆ ಅದರ ಜಾಗ ಒಡ್ಡಿನ ಹೊರಗೆ. ಒಳಗೆ ಬೆಳೆದರೆ ಕಡಿಯಲು ಕಾನೂನು ಬಿಡುವುದಿಲ್ಲ. ಹಾಗಾಗಿ ಇಲ್ಲಿಯವರು ಗದ್ದೆ ಉಳಿಸಬೇಕು ಅಂದರೆ ಮೊದಲು ಒಡ್ಡಿನ ಮಾತೆತ್ತುತ್ತಾರೆ.

ಗದ್ದೆಯ ಹಾಗೆ ಇಲ್ಲಿಯವರು ಉಳಿಸಲು ಹೊರಟ ಇನ್ನೊಂದು ಅಂದರೆ ಕಾಡು. ಕ್ಯಾಸಲ್‌ರಾಕ್ ನಮ್ಮ ಜಿಲ್ಲೆಯದು, ಘಟ್ಟ ಇಳಿದರೆ ಗೋವಾದ ಕುಳೆಂ. ನಡುವೆ ದೂಧಸಾಗರ, ಮೊಲೆಂ ಕಾಡು. ಅದಕ್ಕೆ ಅಂಟಿಕೊಂಡೇ ನಮ್ಮ ಕಾಳಿ ಹುಲಿ ಕಾಡು. ಜೋಡಿ ರೈಲು ಹಳಿ, ಅಗಲ ಹೆದ್ದಾರಿ, ಕರೆಂಟ್ ಲೈನ್ ಮೂರೂ ಯೋಜನೆ ಮೊಲೆಂ ಮೇಲೇ ಬಂದವು. 2020ರ ನವೆಂಬರ್‌ನ ಒಂದು ರಾತ್ರಿ ಗೋವಾದ ಚಾಂದೋರ್‌ನಲ್ಲಿ ಜನ ಜೋಡಿ ಹಳಿ ಬೇಡವೆಂದು ಹಳಿ ಮೇಲೆ ಕೂತರು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

"ಕನ್ನಡದವರಿಗೆ ಇದರಲ್ಲೇನು?" ಅಂದರು ನೆಂಟರು. ಮುರ್ಮುಗೋವಾ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಆ ಹಳಿ ಮೇಲೆ ಘಟ್ಟ ಹತ್ತಿ ಹೋಗುವುದೇ ನಮ್ಮ ರಾಜ್ಯದ ಉಕ್ಕಿನ ಕಾರ್ಖಾನೆಗಳಿಗೆ. ಆ ಧೂಳಿನ ಬಗ್ಗೆ ಬಂದರಿನ ಪಕ್ಕದ ವಾಸ್ಕೋದ ಜನ ವರ್ಷಗಳಿಂದ ಗೋಳಿಡುತ್ತಿದ್ದಾರೆ. ವಾಸ್ಕೋದಲ್ಲಿ ಕನ್ನಡದವರು ಎಷ್ಟಿದ್ದಾರೆ ಅಂತ ಅಲ್ಲಿಯ ಸಂತೆಗೆ ಹೋದರೆ ಗೊತ್ತಾಗುತ್ತದೆ.

ಮೊನ್ನೆ ನಮ್ಮೂರ ಒಡ್ಡು ರಿಪೇರಿ ನಡೆದಿತ್ತು. ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದವರೆಲ್ಲ ಗದಗ, ಕೊಪ್ಪಳದವರು. ಒಬ್ಬ ಅಜ್ಜನನ್ನು ಮಾತಾಡಿಸಿದೆ. "ಹೋದ ವಾರ ಆಕಡೆ ಗದ್ದಿ ಮುಚ್ಚೂ ಕೆಲಸ ಇತ್ರಿ. ಈ ವಾರ ಒಡ್ಡು ಕಟ್ಟೂದು. ಪಗಾರ ಎರಡೂ ಕಡೆ ಅಷ್ಟ ಐತ್ರಿ" ಅಂದು ಬುಟ್ಟಿ ಎತ್ತಿಕೊಂಡ.